ನಾಲ್ಕನೆಯ ಪತ್ರದ ಬುಧವಾರ

"ಹನ್ನೊಂದನೇ ಹಾಸಿಗೆಯವರಿಗೆ," ಎಂದು ತನಿಖಾಧಿಕಾರಿ ಮೊದಲ ಪತ್ರದ ತಲೆಸಾಲನ್ನು ಗಟ್ಟಿಯಾಗಿ ಓದಿದಳು. "ಇಪ್ಪತ್ತನೇ ಹಾಸಿಗೆಯವರಿಗೆ. ಬಾಗಿಲ ಪಕ್ಕದ ಹಾಸಿಗೆಯವರಿಗೆ." ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ತಲೆಯೆತ್ತಿದಳು. "ಮನುಷ್ಯರನ್ನ ಹಾಸಿಗೆ ಹೆಸರು ಹಿಡಿದು ಕರೆಯೋರು ಯಾರು ಸಿಸ್ಟರ್?"

ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿದರು. ಮೂವತ್ತೊಂದು ವರ್ಷ ಇದೇ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ನಡೆದು ನಡೆದು ನಿವೃತ್ತರಾದ ಹೆಂಗಸು. ಈಗ ನೆಲಮಾಳಿಗೆಯ ಟೈಪಿಂಗ್ ಕೋಣೆಯಲ್ಲಿ ಹಳೆಯ ಕೇಸ್ ಶೀಟುಗಳನ್ನು ಟೈಪ್ ಮಾಡುವ ಹಂಗಾಮಿ ಕೆಲಸ.

"ಡಾಕ್ಟರುಗಳು ಕಾಯಿಲೆ ಹೆಸರು ಹಿಡಿದು ಕರೀತಾರೆ," ಎಂದರು. "ಔಷಧಿ ಅಂಗಡಿಯವನು ಚೀಟಿ ನಂಬರ್ ಹಿಡಿದು ಕೂಗ್ತಾನೆ. ಹಾಸಿಗೆ ಹಿಡಿದು ಕರೆಯೋರು ನಾವೇ."

"ಅಂದ್ರೆ?"

"ಅಂದ್ರೆ ಇನ್ನೇನು ತಾಯಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ವಯಸ್ಸು ದಾಟಿದೀನಿ. ನಾನೇ ಬರೆದೆ."

ಐದು ದಿನ ಹುಡುಕಿದ ಉತ್ತರ ಒಂದೇ ಉಸಿರಿಗೆ ಕೈಗೆ ಬಂದುಬಿಟ್ಟಿತು. ಆದರೂ ತನಿಖಾಧಿಕಾರಿಗೆ ಸಮಾಧಾನವಾಗಲಿಲ್ಲ. ಅವಳಿಗೆ ಬೇಕಾಗಿದ್ದುದು ಈ ಮೂರು ಪತ್ರಗಳ ಉತ್ತರವಲ್ಲ. ಕೈಚೀಲದ ಒಳಜೇಬಿನಲ್ಲಿ ನಾಲ್ಕನೆಯದೊಂದಿತ್ತು. ಅದರ ವಿಷಯ ಈ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೆಸರು, ವಿಳಾಸ ಅಳಿಸಿ ಸಂಶೋಧನೆಗೆ ಕೊಡುತ್ತಿದ್ದ ಹಳೆಯ ಕೇಸ್ ಶೀಟುಗಳಿಂದ ಯಾರೋ ರೋಗಿಗಳ ಗುರುತು ಹಿಡಿದು ಮನೆಗಳಿಗೆ ಪತ್ರ ಹಾಕುತ್ತಿದ್ದಾರೆಂಬ ದೂರಿನ ಮೇಲೆ, ಹೊರಗಿನ ಸಮಿತಿ ಅವಳನ್ನು ಸೋಮವಾರ ಇಲ್ಲಿಗೆ ಕಳಿಸಿತ್ತು. ಇವತ್ತು ಶುಕ್ರವಾರ. ಗಂಟೆ ಮೂರೂವರೆ.

ಕೋಣೆಯಲ್ಲಿ ಆರು ಮೇಜು, ನಡುವೆ ಎದೆಯೆತ್ತರದ ರಟ್ಟಿನ ತಡಿಕೆ. ಉಳಿದವರೆಲ್ಲ ಚಹಾಕ್ಕೆ ಹೋಗಿದ್ದರು. ಮೇಲೆ, ಛಾವಣಿಗೆ ತಾಗಿದಂತೆ, ತೆರೆಯಲು ಬಾರದ ಒಂದು ಉದ್ದನೆಯ ಗಾಜಿನ ಕಿಂಡಿ. ಅದರಾಚೆ ಆಸ್ಪತ್ರೆಯ ಹಿಂದಿನ ಗೇಟಿಗೆ ಹೋಗುವ ಕಾಲುದಾರಿ. ಕೆಳಗಿನಿಂದ ನೋಡುವವರಿಗೆ ಓಡಾಡುವ ಜನರ ಪಾದಗಳಷ್ಟೇ ಕಾಣುತ್ತಿದ್ದವು. ದಿನವಿಡೀ ಮುಖವಿಲ್ಲದ ಕಾಗದ ಓದುವವರಿಗೆ ಮುಖವಿಲ್ಲದ ಪಾದಗಳ ಸಂಗಾತ.

"ಹೆಸರಿಗೆಲ್ಲ ಕಪ್ಪು ಬಳಿದೇ ಕೆಳಗೆ ಕಳಿಸ್ತಾರೆ. ವಿಳಾಸ ಇಲ್ಲ, ಊರಿಲ್ಲ. ನಿಮಗೆ ಹೇಗೆ ಗುರುತು ಸಿಕ್ತು?"

ದೊಡ್ಡ ಸಿಸ್ಟರ್ ನಕ್ಕರು. "ಮಗು ಮುಖ ಮುಚ್ಚಿ ಕೂರಿಸಿದ್ರೆ ಹೆತ್ತೋಳಿಗೆ ಗೊತ್ತಾಗಲ್ವಾ? ಅದು ನನ್ನ ಕೈಬರಹ. ನನ್ನ ಮಾತು. 'ಬೆಳಗ್ಗೆ ಜ್ವರ ಇಳಿದಿದೆ. ಪಕ್ಕದ ರೋಗಿಯ ಅಂಗಿ ಬಿಗಿಯಾಗಿದೆಯೆಂದು ಬಿಚ್ಚಿಸಿ, ಹೊಲಿಗೆ ಬಿಡಿಸಿ ಕೊಟ್ಟರು.' ಇದನ್ನ ಬರೆದೋಳು ನಾನು. ಹಾಸಿಗೆಯಲ್ಲಿ ಬಿದ್ದಿದ್ರೂ ಇನ್ನೊಬ್ಬರ ಅಂಗಿ ಅಳತೆ ನೋಡೋ ಮನುಷ್ಯ ಊರಿಗೆಲ್ಲ ಒಬ್ಬನೇ. ಸೇತುವೆ ಹತ್ತಿರದ ದರ್ಜಿ. ಮೂರು ತಿಂಗಳು ನನ್ನ ವಾರ್ಡಲ್ಲಿದ್ದ."

"ಅದಕ್ಕೆ ಪತ್ರ ಹಾಕಿಬಿಟ್ರಿ."

"ಮತ್ತೇನು ಮಾಡ್ಲಿ?" ಈಗ ಅವರ ದನಿ ಏರಿತು. "ಆವಾಗ ಇವರಿಗೆಲ್ಲ ಕೊಟ್ಟ ಕೀಲುನೋವಿನ ಮಾತ್ರೆ ವರ್ಷಗಟ್ಟಲೆ ನುಂಗಿದೋರಿಗೆ ನೋಟದ ಅಂಚು ಸವೀತಾ ಬರುತ್ತೆ ಅಂತ ಮೇಲಿನ ಸಂಶೋಧನೆಯವರೇ ಕಂಡುಹಿಡಿದ್ರು. ನೋವಿಲ್ಲ, ಕೆಂಪಾಗಲ್ಲ. ಗೊತ್ತಾಗೋ ಹೊತ್ತಿಗೆ ಅರ್ಧ ಹೋಗಿರುತ್ತೆ. 'ವರದಿ ಪೂರ್ತಿ ಆದ ಮೇಲೆ ಪ್ರಕಟಿಸ್ತೀವಿ, ಒಂದು ವರ್ಷ ಬೇಕು' ಅಂದ್ರು. ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡೋಕೆ ಅಳತೆ ತಗೊಂಡ ಹಾಗೆ. ಆ ದರ್ಜಿ ಕಣ್ಣಿಂದ ತಾನೇ ಅವನ ಮನೆ ನಡೆಯೋದು?"

ತನಿಖಾಧಿಕಾರಿ ಎರಡನೆಯ ಪತ್ರದ ಮೇಲೆ ಬೆರಳಿಟ್ಟಳು. "ಈ ಪತ್ರ ಹೋಗಿದ್ದು ಒಬ್ಬ ಟೀಚರ್ ಮನೆಗೆ. ತನಗೆ ಈ ಕಾಯಿಲೆ ಇದೆ ಅಂತ ಅವರು ಮನೇಲಿ ಯಾರಿಗೂ ಹೇಳಿರಲಿಲ್ಲ. ಲಕೋಟೆ ಒಡೆದಿದ್ದು ಸೊಸೆ. ದೂರು ಕೊಟ್ಟಿದ್ದು ಆ ಟೀಚರೇ. 'ನನ್ನ ಗುಟ್ಟು ಬೀದಿಗೆ ಬಂತು' ಅಂತ ನನ್ನ ಮುಂದೆ ಅತ್ತರು."

ಸಿಸ್ಟರ್ ಆ ಪತ್ರವನ್ನು ಮೆಲ್ಲಗೆ ಮಗುಚಿಟ್ಟರು.

"ಇನ್ನೊಂದು ಕೇಳ್ತೀನಿ. ಪತ್ರದಲ್ಲಿ ಹಾಕಿರೋ ದಿನಾಂಕ, ಅವರು ಆಸ್ಪತ್ರೆಗೆ ಸೇರಿದ್ದು ಅಂತ. ಅದು ಎಲ್ಲಿಂದ ತಗೊಂಡ್ರಿ?"

"ಇಲ್ಲಿಂದ್ಲೇ." ಕಂಪ್ಯೂಟರ್ ಪರದೆ ತೋರಿಸಿದರು. ಹಳದಿಯಾದ ಕೈಬರಹದ ಹಾಳೆಯ ಚಿತ್ರ. ಹೆಸರಿದ್ದ ಕಡೆ ಕಪ್ಪು ಪಟ್ಟಿ. ದಿನಾಂಕವಿದ್ದ ಕಡೆ ಮಾತ್ರ ಅಚ್ಚುಕಟ್ಟಾಗಿ ಟೈಪ್ ಮಾಡಿದ ಅಂಕಿಗಳು. "ನಮ್ಮ ಕೋಳಿಕಾಲು ಅಕ್ಷರ ಓದೋಕಾಗಲ್ಲ ಅಂತ ದಿನಾಂಕ ಒಂದನ್ನ ನೀಟಾಗಿ ಟೈಪ್ ಮಾಡಿಸಿದಾರೆ. ಪುಣ್ಯಾತ್ಮರು."

ತನಿಖಾಧಿಕಾರಿ ಒಂದು ಕ್ಷಣ ಕಣ್ಣು ಮುಚ್ಚಿದಳು. ಎಲ್ಲ ಅರ್ಥವಾಗಿಹೋಯಿತು.

ಆಸ್ಪತ್ರೆಯ ಗುರುತಿನ ಪಟ್ಟಿಯನ್ನು ಕಾಯುವವನಿಗೆ ಎಲ್ಲರೂ ಬೀಗಪ್ಪ ಎನ್ನುತ್ತಾರೆ. ಯಾವ ನಂಬರು ಯಾವ ರೋಗಿಯದು ಎಂಬ ಪಟ್ಟಿ ಇರುವುದು ಅವನ ಕಬ್ಬಿಣದ ಕಪಾಟಿನಲ್ಲಿ. ಕಪಾಟಿನ ಅರಗಿನ ಮುದ್ರೆ ಮೂರು ವರ್ಷದಿಂದ ಒಡೆದಿಲ್ಲ. ಅವಳೇ ಕಣ್ಣಾರೆ ನೋಡಿದ್ದಳು. ನಿನ್ನೆ ಅವನು ಕೈಯಾಡಿಸುತ್ತ ವಿವರಿಸಿದ್ದ: "ಹೆಸರು ಅಳಿಸಿದ್ರೆ ಸಾಲಲ್ಲ ಮೇಡಂ. ಇಂಥ ದಿನ ಸೇರಿದ, ಇಂಥ ದಿನ ಹೋದ ಅಂತ ಗೊತ್ತಿದ್ರೂ ಪಕ್ಕದ ಮನೆಯೋನು ಗುರುತು ಹಿಡೀತಾನೆ. ಅದಕ್ಕೆ ಒಬ್ಬೊಬ್ಬ ರೋಗಿಯ ದಿನಾಂಕಗಳನ್ನ ಒಟ್ಟಿಗೆ ಜರುಗಿಸ್ತೀವಿ. ಒಬ್ಬರದು ಒಂಬತ್ತು ದಿನ ಹಿಂದಕ್ಕೆ, ಇನ್ನೊಬ್ಬರದು ನಲವತ್ತೊಂದು ದಿನ ಮುಂದಕ್ಕೆ. ರೈಲಿದ್ದ ಹಾಗೆ. ಇಡೀ ರೈಲು ಮುಂದೆ ಸರಿದ್ರೂ ಡಬ್ಬಿ ಡಬ್ಬಿ ನಡುವಿನ ದೂರ ಅಷ್ಟೇ ಇರುತ್ತೆ ನೋಡಿ. ಸಂಶೋಧನೆಗೆ ಬೇಕಾಗಿರೋದು ಆ ದೂರ."

"ಸಿಸ್ಟರ್, ಆ ದಿನಾಂಕಗಳು ನಿಜವಲ್ಲ," ಎಂದಳು ಮೆಲ್ಲಗೆ. "ಬೇಕಂತಲೇ ಬದಲಾಯಿಸಿದ್ದು. ನಿಮಗೆ ಯಾರೂ ಹೇಳಲಿಲ್ವಾ?"

"ಬದಲಾಯಿಸಿದ್ದಾ?"

"ಬಾಗಿಲ ಪಕ್ಕದ ಹಾಸಿಗೆಯವರು ಲಾರಿ ಓಡಿಸೋರು. ಅವರ ಮನೆಗೆ ಬುಧವಾರ ಹೋಗಿದ್ದೆ. 'ಈ ತಾರೀಖು ನಾನು ಆಸ್ಪತ್ರೇಲಿ ಇರಲೇ ಇಲ್ಲಮ್ಮ. ಆವತ್ತು ತಂಗಿ ಮದುವೆ, ನಾನೇ ಬಡಿಸ್ತಿದ್ದೆ. ಇದು ಯಾರಿಗೋ ಬರೆದ ಪತ್ರ, ದಾರಿ ತಪ್ಪಿ ಬಂದಿದೆ' ಅಂದ್ರು. ಪತ್ರವನ್ನ ಕಿಟಕಿ ಸಂದಿಗೆ ಮಡಚಿ ಸಿಕ್ಕಿಸಿದ್ರು, ಗಾಳಿಗೆ ಬಡ್ಕೊಳ್ಳದ ಹಾಗೆ. ನಾನೇ ಕೇಳಿ ಈಸ್ಕೊಂಡು ಬಂದೆ."

"ಮತ್ತೆ ಮಾತ್ರೆ?"

"ಇವತ್ತಿಗೂ ತಗೋತಿದಾರೆ. ಲಾರಿನೂ ಓಡಿಸ್ತಿದಾರೆ."

ದೊಡ್ಡ ಸಿಸ್ಟರ್ ಕೈ ಬಾಯಿಗೆ ಹೋಯಿತು. ಸಿಕ್ಕಿಬಿದ್ದದ್ದಕ್ಕೆ ಅಳುಕದ ಹೆಂಗಸು ಈ ಮಾತಿಗೆ ಕುಸಿದರು. ಮೂವತ್ತೊಂದು ವರ್ಷ ಔಷಧಿಯ ಹೊತ್ತು ಒಂದು ನಿಮಿಷ ತಪ್ಪಿಸದವರು. ಬರೆದ ಒಂದೇ ಒಂದು ತಪ್ಪು ತಾರೀಖು ಬರೆದದ್ದನ್ನೆಲ್ಲ ಸುಳ್ಳು ಮಾಡಿತ್ತು.

"ನನ್ನ ಹೆಸರು ಬರೆದು ಕೊಡಿ ತಾಯಿ," ಎಂದರು ಕೊನೆಗೆ. "ಏನು ಬೇಕಾದ್ರೂ ಮಾಡ್ಲಿ. ಆದ್ರೆ ಆ ಲಾರಿಯವನನ್ನ ಇವತ್ತೇ ಕರೆಸಿ."

"ಕರೆಸ್ತೀನಿ. ಅದಕ್ಕೂ ಮೊದಲು ಇದನ್ನ ನೋಡಿ."

ತನಿಖಾಧಿಕಾರಿ ಕೈಚೀಲದ ಒಳಜೇಬಿನ ಜಿಪ್ ಎಳೆದಳು. ಈ ಐದು ದಿನಗಳಲ್ಲಿ ಅದನ್ನು ಎಷ್ಟು ಸಲ ಎಳೆದಿದ್ದಳೋ, ಲೆಕ್ಕವಿಲ್ಲ. ಬೇರೆಯವರ ಮುಂದೆ ಎಳೆದದ್ದು ಇದೇ ಮೊದಲು.

ಪತ್ರ ಬಂದದ್ದು ಹಿಂದಿನ ಶನಿವಾರ. ಅವಳ ಸ್ವಂತ ಮನೆಗೆ. ಲಕೋಟೆಯ ಮೇಲೆ ಇದ್ದದ್ದು ಅವಳ ಹೆಸರಲ್ಲ, ಅಕ್ಕನ ಹೆಸರು. ಸೋಮವಾರ ಸಮಿತಿ ಈ ಕೇಸು ಕೊಟ್ಟಾಗ, ನನ್ನ ಮನೆಗೂ ಒಂದು ಬಂದಿದೆ, ಬೇರೆಯವರನ್ನು ಕಳಿಸಿ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಂದಳು.

ಅಕ್ಕ ಮನೆ ಬಿಟ್ಟು ಹದಿನಾಲ್ಕು ವರ್ಷ. ಅಷ್ಟು ವರ್ಷಗಳಲ್ಲಿ ಮನೆ ಬದಲಿಸುವ ಸಂದರ್ಭ ಮೂರು ಸಲ ಬಂದಿತ್ತು. ಒಂದು ಸಲ ಬಚ್ಚಲ ಗೋಡೆ ಬಿರುಕು ಬಿಟ್ಟಾಗ, ಒಂದು ಸಲ ಅಪ್ಪ ಹೋದಾಗ, ಇನ್ನೊಂದು ಸಲ ಅಮ್ಮನೂ ಹೋಗಿ ನಾಲ್ಕು ಕೋಣೆ ಒಬ್ಬಳಿಗೆ ಹೆಚ್ಚಾದಾಗ. ಮೂರು ಸಲವೂ ಏನೋ ನೆವ ಹೇಳಿ ಅಲ್ಲೇ ಉಳಿದಳು. ನಿಜವಾದ ಕಾರಣ ಹೇಳಿದ್ದರೆ ಜನ ನಗುತ್ತಿದ್ದರು. ಅಕ್ಕನಿಗೆ ಗೊತ್ತಿರುವುದು ಆ ವಿಳಾಸ ಒಂದೇ.

ಸಿಸ್ಟರ್ ಕನ್ನಡಕ ಏರಿಸಿ ಓದಿದರು.

*ಮನೆಯವರಿಗೆ. ಹನ್ನೊಂದು ವರ್ಷದ ಹಿಂದೆ ಮಾರ್ಚ್ ಹದಿನಾಲ್ಕು, ಬುಧವಾರ, ಇವರು ಈ ಆಸ್ಪತ್ರೆಗೆ ಸೇರಿದ್ದರು. ಆಗ ಕೊಟ್ಟ ಕೀಲುನೋವಿನ ಮಾತ್ರೆಯಿಂದ ಕಣ್ಣಿಗೆ ತೊಂದರೆಯಿದೆ. ತಡ ಮಾಡಬೇಡಿ.*

"ಇದು ನಂದಲ್ಲ," ಎಂದರು ತಟ್ಟನೆ.

"ಅದೇ ಕಾಗದ. ಅದೇ ಪ್ರಿಂಟರಿನ ಅಕ್ಷರ. 'ತಡ ಮಾಡಬೇಡಿ' ಅನ್ನೋ ಮಾತೂ ಅದೇ."

"ಇರಬಹುದು. ಹಾಸಿಗೆ ನಂಬರ್ ಎಲ್ಲಿದೆ? ನನ್ನ ವಾರ್ಡಲ್ಲಿ ಇದ್ದಿದ್ರೆ ನಾನು ಹಾಸಿಗೆ ಹೇಳದೆ ಬರೆಯೋಳೇ ಅಲ್ಲ. ಮತ್ತೆ ಈ ವಾರದ ಹೆಸರು ಯಾಕೆ ಬಂತು? ನಮ್ಮ ಪರದೆ ಮೇಲೆ ವಾರ ಎಲ್ಲಿರುತ್ತೆ?"

ಅದೇ. ಅದನ್ನೇ ಅವಳು ಐದು ದಿನದಿಂದ ಒಳಗೊಳಗೇ ಅರೆಯುತ್ತಿದ್ದಳು.

ಹಳೆಯ ಕ್ಯಾಲೆಂಡರ್ ತೆಗೆದು ನೋಡಿದ್ದಳು, ಅದು ಬುಧವಾರವೇ. ನೋಡದಿದ್ದರೂ ಗೊತ್ತಿತ್ತು, ಏಕೆಂದರೆ ಅಮ್ಮನ ಕಣ್ಣಿನ ಪೊರೆ ತೆಗೆಸಿದ ದಿನ ಅದು, ಇದೇ ಆಸ್ಪತ್ರೆಯಲ್ಲಿ. ಕೆಳಗಿನ ಹಜಾರದ ಬೆಂಚಿನ ಮೇಲೆ ಅವಳು ನಾಲ್ಕು ಗಂಟೆ ಕೂತಿದ್ದಳು. ಹೊತ್ತು ಹೋಗದೆ ಎದುರಿನ ಗೋಡೆಯ ಟೈಲ್ಸ್ ಚೌಕಗಳನ್ನು ಎಣಿಸಿದ್ದಳು. ಈ ದಿನಾಂಕ ನಿಜವಾಗಿದ್ದರೆ, ಅವಳು ಗೋಡೆ ಎಣಿಸುತ್ತಿದ್ದ ಹೊತ್ತಿನಲ್ಲಿ ಅಕ್ಕ ಎರಡು ಮಹಡಿ ಮೇಲಿನ ವಾರ್ಡುಗಳಲ್ಲೆಲ್ಲೋ ಮಲಗಿದ್ದಳು. ಅದೇ ಛಾವಣಿಯ ಕೆಳಗೆ. ನೀರು ತರಲೆಂದು ಮೆಟ್ಟಿಲು ಹತ್ತಿದ್ದರೆ ಸಾಕಿತ್ತು.

ಜರುಗಿಸಿದ ದಿನಾಂಕವಾಗಿದ್ದರೆ ಆ ಬುಧವಾರಕ್ಕೆ ಅರ್ಥವೇ ಇಲ್ಲ. ಬರೀ ಅಂಕಿ.

"ಈ ಪತ್ರ ಬರೆದವರು ಪರದೆ ನೋಡಿ ಬರೆದಿಲ್ಲ," ಎಂದಳು, ಸಿಸ್ಟರಿಗೆ ಹೇಳುವುದಕ್ಕಿಂತ ಹೆಚ್ಚಾಗಿ ತನಗೇ. "ನಿಜವಾದ ದಿನ ಗೊತ್ತಿತ್ತು. ಅದು ಗೊತ್ತಾಗಬೇಕಾದ್ರೆ ಬೀಗಪ್ಪನ ಪಟ್ಟಿ ನೋಡಿರಬೇಕು. ಮುದ್ರೆ ಒಡೆದಿಲ್ಲ. ಪಟ್ಟಿ ನೋಡದೇನೇ ನಿಜವಾದ ದಿನ ನೆನಪಿರೋರು ಯಾರು? ವಾರದ ಸಮೇತ?"

ಬಾಯಿಂದ ಹೊರಬಿದ್ದ ಪ್ರಶ್ನೆಗೆ ಅವಳ ಎದೆಯೇ ಉತ್ತರ ಕೊಟ್ಟಿತು.

ಆ ದಿನ ಆ ಹಾಸಿಗೆಯ ಮೇಲೆ ಮಲಗಿದ್ದವಳು.

ದೊಡ್ಡ ಸಿಸ್ಟರ್ ಕಣ್ಣು, ಒಂದೇ ಒಂದು ಗಳಿಗೆ, ಪಕ್ಕದ ತಡಿಕೆಯ ಕಡೆ ಹೋಗಿ ಬಂತು. ತನಿಖಾಧಿಕಾರಿಯ ಹೊಟ್ಟೆಪಾಡೇ ಅಂಥ ಗಳಿಗೆಗಳ ಮೇಲೆ ನಡೆಯುತ್ತಿತ್ತು.

"ನೀವು ಪ್ರಿಂಟ್ ಹೇಗೆ ತೆಗೆದ್ರಿ ಸಿಸ್ಟರ್? ಮೊನ್ನೆ ನನ್ನೆದುರಿಗೇ ಪ್ರಿಂಟರಿಗೆ ಕಾಗದ ತಿರುಗಾಮುರುಗಾ ತುರುಕಿದ್ರಿ."

"ಪಕ್ಕದೋಳು ತೆಗೆದುಕೊಟ್ಟಳು."

"ಯಾರು?"

"ಮಾಸ್ಕಮ್ಮ ಅಂತೀವಿ. ಯಾವಾಗ್ಲೂ ಮುಖಕ್ಕೆ ಮಾಸ್ಕು. ಧೂಳು ಆಗಲ್ಲ ಅಂತಾಳೆ. ರಜೆಯಲ್ಲಿದಾಳೆ."

"ಯಾವತ್ತಿಂದ?"

"ಸೋಮವಾರದಿಂದ."

"ನಾನು ಬಂದಿದ್ದೂ ಸೋಮವಾರ."

"ಹೌದಾ? ದಿನ ಎಲ್ಲರಿಗೂ ಒಂದೇ ಬರುತ್ತಲ್ಲ ತಾಯಿ."

"ಅವಳ ಬಗ್ಗೆ ಹೇಳಿ."

"ಏನು ಹೇಳ್ಲಿ? ಟೈಪಿಂಗಲ್ಲಿ ಮಿಂಚು. ಹಿಂದೆ ಯಾವುದೋ ಅಚ್ಚುಮನೇಲಿ ಅಕ್ಷರದ ಮೊಳೆ ಜೋಡಿಸ್ತಿದ್ದಳಂತೆ." ಸಿಸ್ಟರ್ ಮೂರು ಪತ್ರಗಳನ್ನು ಒಂದರ ಮೇಲೊಂದು ಜೋಡಿಸಿದರು, ಮತ್ತೆ ಬಿಡಿಸಿದರು. "ಪರದೆಯಲ್ಲಿ ಅಕ್ಷರ ಹೆಬ್ಬೆರಳಷ್ಟು ದಪ್ಪ ಮಾಡ್ಕೊಂಡು ಓದ್ತಾಳೆ. ನೇರ ನೋಡಿದ್ದಷ್ಟೇ ಕಾಣೋದು. ಪಕ್ಕದಲ್ಲಿ ಯಾರು ನಿಂತ್ರೂ ಗೊತ್ತಾಗಲ್ಲ. ನಡೆಯುವಾಗ ಒಂದು ಕೈ ಗೋಡೆ ಮೇಲೆ. ನಾನು ಪತ್ರ ಬರೆಯೋಕೆ ಶುರು ಮಾಡಿದ್ದೇ ಅವಳನ್ನ ನೋಡಿ."

ಅಚ್ಚುಮನೆ.

ಆ ಪದಕ್ಕೆ ಹದಿನಾಲ್ಕು ವರ್ಷದ ಹಿಂದಿನ ಒಂದು ಊಟದ ಮೇಜು ಕಣ್ಣಮುಂದೆ ಬಂತು. ಅಪ್ಪ ಕೈ ತೊಳೆಯದೆ ಕೂತಿದ್ದರು. ಅಕ್ಕ ಇನ್ನೂ ಮನೆಗೆ ಬಂದಿರಲಿಲ್ಲ. "ಅವಳು ದಿನಾ ಎಲ್ಲಿಗೆ ಹೋಗ್ತಾಳೆ? ನಿನಗೆ ಗೊತ್ತು. ಹೇಳು." ಹದಿನೇಳು ವರ್ಷದ ಹುಡುಗಿ ಹೇಳಿಬಿಟ್ಟಳು. ಅಕ್ಕ ಕಾಲೇಜು ಬಿಟ್ಟಿದ್ದಾಳೆ, ಅಚ್ಚುಮನೆಯಲ್ಲಿ ಕೆಲಸಕ್ಕಿದ್ದಾಳೆ, ದೂರದ ಊರಿನ ಇನ್ನೊಂದು ಅಚ್ಚುಮನೆಗೆ ಹೋಗಲು ಚೀಲ ಕಟ್ಟಿಟ್ಟಿದ್ದಾಳೆ. ಕೇಳಿದ್ದಕ್ಕೆ ಇದ್ದದ್ದು ಹೇಳಿದಳು, ಅಷ್ಟೇ. ಅಪ್ಪ ಅಕ್ಕನನ್ನು ಎಂಟು ದಿನ ಕೋಣೆಯಲ್ಲಿ ಕೂಡಿಹಾಕಿದರು. ಒಂಬತ್ತನೆಯ ದಿನ ಕೋಣೆ ಖಾಲಿಯಿತ್ತು.

ಮುಚ್ಚಿದ ಬಾಗಿಲ ಆಚೆಯಿಂದ ಅಕ್ಕ ಅವಳಿಗೆ ಹೇಳಿದ್ದು ಒಂದೇ ಮಾತು. "ಸತ್ಯದ ತುಂಡೇ, ನನಗೋಸ್ಕರ ಒಂದೇ ಒಂದು ಸುಳ್ಳು ಹೇಳೋಕೆ ಬರಲಿಲ್ವಾ ನಿನಗೆ?"

ಅವಳು ಎದ್ದು ತಡಿಕೆ ಸುತ್ತಿ ಪಕ್ಕದ ಮೇಜಿಗೆ ಹೋದಳು.

ಮೇಜಿನ ಮೇಲೆ ಹೆಚ್ಚೇನೂ ಇರಲಿಲ್ಲ. ಕೀಲಿಮಣೆ, ಭೂತಗನ್ನಡಿ, ಒಂದು ನೀರಿನ ಬಾಟಲಿ. ಬಾಟಲಿಯ ಕುತ್ತಿಗೆಗೆ ದಪ್ಪ ಕಪ್ಪು ದಾರ ಸುತ್ತಿ, ದಾರಕ್ಕೆ ಒಂದು ಕೋಟಿನ ಗುಂಡಿ ಕಟ್ಟಿತ್ತು. ನಾಲ್ಕು ತೂತಿನ ಕಂದು ಗುಂಡಿ.

ಮನೆಯಲ್ಲಿ ಎಲ್ಲರ ಬಾಟಲಿಯೂ ಒಂದೇ ಥರ ಇದ್ದ ಕಾಲದಲ್ಲಿ ಅಕ್ಕ ತನ್ನದಕ್ಕೆ ಹೀಗೆ ಗುಂಡಿ ಕಟ್ಟುತ್ತಿದ್ದಳು. ಇನ್ನೊಬ್ಬರ ಎಂಜಲೆಂದರೆ ಅವಳಿಗೆ ಆಗದು. "ಮಹಾರಾಣಿಯವರ ಗುಂಡಿ ನೀರು, ಯಾರೂ ಮುಟ್ಟಬೇಡ್ರಪ್ಪಾ," ಎಂದು ಅಮ್ಮ ಹಂಗಿಸುತ್ತಿದ್ದರು. ಅಕ್ಕ ಹೋದ ಮೇಲೆ ಗುಂಡಿ ಕಟ್ಟಿದ ಆ ಬಾಟಲಿಯನ್ನು ಅಮ್ಮ ದಿನಾ ತೊಳೆದು, ದಿನಾ ತುಂಬಿಸಿ ಇಡುತ್ತಿದ್ದರು. ಮಾರನೆಯ ದಿನ ಆ ನೀರನ್ನು ಗಿಡಕ್ಕೆ ಸುರಿದು ಮತ್ತೆ ತುಂಬಿಸುತ್ತಿದ್ದರು. ಅಮ್ಮನ ನಂತರ ಆ ಕೆಲಸ ಇವಳದಾಯಿತು. ಇವತ್ತು ಬೆಳಗ್ಗೆಯೂ ತುಂಬಿಸಿಟ್ಟೇ ಬಂದಿದ್ದಳು.

ಅವಳು ಬಾಟಲಿಯನ್ನು ಮುಟ್ಟಿದಳು. ಬೆರಳು ಒದ್ದೆಯಾಯಿತು. ಬಾಟಲಿಯ ಮೈ ತಣ್ಣಗೆ ಬೆವರುತ್ತಿತ್ತು.

ಸೋಮವಾರದಿಂದ ರಜೆಯಲ್ಲಿರುವವಳ ನೀರು ಶುಕ್ರವಾರ ಮಧ್ಯಾಹ್ನ ತಣ್ಣಗಿರುವುದಿಲ್ಲ.

"ಎಲ್ಲಿದಾಳೆ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಸಿಸ್ಟರ್, ಎಲ್ಲಿದಾಳೆ ನಮ್ಮಕ್ಕ?"

ಅಷ್ಟರಲ್ಲಿ ಬಾಗಿಲಲ್ಲಿ ಜವಾನ ಕೆಮ್ಮಿದ. "ಮೇಡಂ, ನಿರ್ದೇಶಕರು ಕರೀತಿದಾರೆ. ಈಗಲೇ ಅಂತೆ. ನಾಲ್ಕಕ್ಕೆ ಅವರು ಸಭೆಗೆ ಹೊರಡ್ತಾರೆ."

ದೊಡ್ಡ ಸಿಸ್ಟರ್ ಅವಳ ಕೈ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು: "ಮೊದಲು ಮೇಲೆ ಹೋಗಿ ಬನ್ನಿ. ಅಲ್ಲಿ ಏನು ಹೇಳ್ತೀರೋ ಅದನ್ನ ಹೇಳಿ ಬನ್ನಿ. ಆಮೇಲೆ ನನ್ನ ಕೇಳಿ."

*

ನಿರ್ದೇಶಕರು ಒಳ್ಳೆಯ ಮನುಷ್ಯ. ಆದರೆ ಗಡಿಯಾರ ನೋಡುತ್ತಲೇ ಒಳ್ಳೆಯವರಾಗಿರುವ ಅಭ್ಯಾಸ.

"ಬರೆದೋರು ಸಿಕ್ಕಿದ್ರಾ?"

"ಸಿಕ್ಕಿದ್ರು ಸರ್. ತಾವೇ ಒಪ್ಪಿಕೊಂಡ್ರು." ಅವಳು ದೊಡ್ಡ ಸಿಸ್ಟರ್ ವಿಷಯ ಹೇಳಿದಳು, ಹಾಸಿಗೆ ನಂಬರು, ಕೈಬರಹ, ಜರುಗಿಸಿದ ದಿನಾಂಕ ಎಲ್ಲ. ಲಾರಿ ಓಡಿಸುವವನ ವಿಷಯಕ್ಕೆ ಬಂದಾಗ ಅವರ ಪೆನ್ನು ನಿಂತಿತು.

"ಸಮಿತಿ ಮುಂದಿನ ತಿಂಗಳು ಸೇರುತ್ತೆ. ಆಗ ಗುರುತಿನ ಪಟ್ಟಿ ತೆರೆಯೋಕೆ ಒಪ್ಪಿಗೆ ಕೇಳೋಣ."

"ಕಣ್ಣು ಸಭೆಗೆ ಕಾಯಲ್ಲ ಸರ್. ಅವರ ವಿಳಾಸ ನನ್ನ ಹತ್ರ ಇದೆ. ಪಟ್ಟಿ ಬೇಕಾಗಿಲ್ಲ. ಆಸ್ಪತ್ರೆ ಕಡೆಯಿಂದ, ನಿಮ್ಮ ಸಹಿ ಹಾಕಿ, ಇವತ್ತೇ ಕರೆಸಿ. ಮಿಕ್ಕವರಿಗೆ ಮುಂದಿನ ತಿಂಗಳು."

ಅವರು ಗಡಿಯಾರ ನೋಡಿ, ಕಾಗದ ಎಳೆದುಕೊಂಡು ಎರಡು ಸಾಲು ಬರೆದು ಸಹಿ ಹಾಕಿದರು. ಅದೊಂದು ಗೆದ್ದಳು.

"ಸರಿ. ಈಗ ಇದು." ಒಂದು ನೀಲಿ ಕಡತವನ್ನು ಮುಂದೆ ಸರಿಸಿದರು. "ಟೈಪಿಂಗ್ ಕೋಣೆ ಹಂಗಾಮಿಯವರ ಪಟ್ಟಿ. ಹೆಸರು, ವಿಳಾಸ, ಫೋನು. ಆ ಸಿಸ್ಟರಮ್ಮ ಒಬ್ಬರೇ ಇಷ್ಟು ಮಾಡಿದ್ರು ಅಂತ ನನಗೆ ನಂಬಿಕೆ ಇಲ್ಲ. ಪ್ರಿಂಟರ್ ಅಂದ್ರೆ ಹೆದರ್ತಾರೆ ಆಕೆ. ಇನ್ನೊಬ್ಬರು ಇದಾರೆ ಅಂತ ನಿಮಗೆ ಅನಿಸಿದ್ರೆ ಹೇಳಿ. ಒಂದು ಸಾಲು ಬರೆದುಕೊಟ್ರೆ ಈ ಕಡತ ನಿಮ್ಮದು. ಇಲ್ಲಾಂದ್ರೆ ಇದು ಅವರನ್ನ ಒದಗಿಸಿದ ಏಜೆನ್ಸಿಗೆ ಈಗಲೇ ವಾಪಸ್. ಕೋಣೆ ಇವತ್ತು ಸಂಜೆಯಿಂದ ಮುಚ್ಚಿಸ್ತೀನಿ."

ಕಡತ ಅವಳ ಅಂಗೈಯಿಂದ ಒಂದು ಗೇಣು ದೂರವಿತ್ತು. ಆರು ಸಾಲು. ಅದರಲ್ಲೊಂದು ಸಾಲಿನಲ್ಲಿ ಬೀದಿ, ಮನೆ ನಂಬರು, ಬಾಗಿಲು. ಆ ಬಾಗಿಲ ಹಿಂದೆ ಅಕ್ಕ. ಅಕ್ಕನ ವಿಳಾಸ ಬೇಕಾದರೆ ಅಕ್ಕನ ಮೇಲೆ ತಪ್ಪು ಹೊರಿಸಬೇಕು.

"ನೇರವಾಗಿ ಕೇಳ್ತೀನಿ ಮೇಡಂ. ಪತ್ರಗಳು ಮೂರೇನಾ? ಇನ್ನೂ ಇದೆಯಾ?"

ಕೈಚೀಲ ತೊಡೆಯ ಮೇಲಿತ್ತು. ಒಳಜೇಬಿನ ಜಿಪ್ ಅ‌ರ್ಧ ತೆರೆದೇ ಇತ್ತು. ಅವಸರದಲ್ಲಿ ಎಳೆಯಲು ಮರೆತಿದ್ದಳು.

ಹದಿನೇಳರ ಹುಡುಗಿಯ ನಾಲಿಗೆ ಅವಳ ಬಾಯಿಯಲ್ಲಿ ಒಮ್ಮೆ ಮಿಸುಕಿತು. ಕೇಳಿದ್ದಾರೆ, ಇದ್ದದ್ದು ಹೇಳು.

"ಮೂರೇ ಸರ್," ಎಂದಳು.

"ಖಂಡಿತ?"

"ಖಂಡಿತ. ಬರೆದೋರೂ ಒಬ್ಬರೇ. ಬೇರೆ ಯಾರ ಮೇಲೂ ನನಗೆ ಸಂಶಯ ಇಲ್ಲ."

ಅವರು ತಲೆಯಾಡಿಸಿ ನೀಲಿ ಕಡತವನ್ನು ಜವಾನನ ಕೈಗಿತ್ತರು. ಅದು ಅವನ ಕಂಕುಳು ಸೇರಿ, ಬಾಗಿಲು ದಾಟಿ, ಮೆಟ್ಟಿಲಿನತ್ತ ಹೋದದ್ದನ್ನು ಅವಳು ಕಣ್ಣು ತಿರುಗಿಸದೆ ನೋಡಿದಳು. ಹದಿನಾಲ್ಕು ವರ್ಷ ಹುಡುಕಿದ ವಿಳಾಸವನ್ನು ತಾನೇ ದಾಟಿಸಿ ಕಳಿಸಿದ್ದಳು. ಎದೆ ಭಾರವಾಗಬೇಕಿತ್ತು. ವಿಚಿತ್ರವೆಂದರೆ ಹಗುರವಾಯಿತು. ಕೆಳಗೆ ಸಿಸ್ಟರ್ ಇದ್ದಾರೆ. ಆಮೇಲೆ ಕೇಳಿ ಎಂದಿದ್ದಾರೆ.

ಅವಳು ಎರಡೆರಡು ಮೆಟ್ಟಿಲು ಹಾರಿ ಇಳಿದಳು.

*

ಪಕ್ಕದ ಮೇಜು ಖಾಲಿಯಾಗಿತ್ತು. ಭೂತಗನ್ನಡಿ ಇಲ್ಲ, ಬಾಟಲಿ ಇಲ್ಲ. ಬಾಟಲಿ ನಿಂತಿದ್ದ ಜಾಗದಲ್ಲಿ ನೀರಿನ ಒಂದು ಉಂಗುರ. ಉಂಗುರದ ನಡುವೆ ಆ ಕಂದು ಗುಂಡಿ. ದಾರವನ್ನು ಕತ್ತರಿಸಿರಲಿಲ್ಲ, ತಾಳ್ಮೆಯಿಂದ ಬಿಚ್ಚಿ, ಗುಂಡಿಗೇ ಸುತ್ತಿಟ್ಟಿತ್ತು.

ದೊಡ್ಡ ಸಿಸ್ಟರ್ ತಮ್ಮ ಕುರ್ಚಿಯಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ಅವರ ಹಿಂದೆ, ಹಳೆಯ ಕಡತಗಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಆ ಬಾಗಿಲು ಐದು ದಿನವೂ ಮುಚ್ಚಿಯೇ ಇದ್ದುದು ಅವಳಿಗೆ ಈಗ ಹೊಳೆಯಿತು.

"ಅಲ್ಲೇ ಇದ್ದಳು," ಎಂದರು ಸಿಸ್ಟರ್. "ಸೋಮವಾರದಿಂದ. ಕಪಾಟುಗಳ ಸಂದಿಯಿಂದ ನಿಮ್ಮನ್ನ ನೋಡ್ತಾ ಕೂತಿರ್ತಿದ್ದಳು. 'ನೇರ ಎದುರಿಗೆ ಕೂತಾಗ ಚೆನ್ನಾಗಿ ಕಾಣ್ತಾಳೆ' ಅಂತಿದ್ದಳು."

"ಈಗ ಎಲ್ಲಿ?"

"ಮೊದಲು ಹೇಳಿ. ಮೇಲೆ ಏನಂದ್ರಿ? ಮೂರಾ, ನಾಲ್ಕಾ?"

"ಮೂರು ಅಂದೆ."

ದೊಡ್ಡ ಸಿಸ್ಟರ್ ಮುಖದಿಂದ ರಕ್ತ ಇಳಿಯಿತು.

"ಅಯ್ಯೋ ಮಗಳೇ," ಎಂದರು. "ನಾನು ಎಷ್ಟು ಹೇಳಿದೆ. ನಿಲ್ಲು, ಅವಳು ಬರಲಿ ಅಂತ. 'ನಮ್ಮ ಸತ್ಯದ ತುಂಡು ಸುಳ್ಳು ಹೇಳೋಳಲ್ಲ ಸಿಸ್ಟರ್. ನಾಲ್ಕು ಅಂತಾನೇ ಹೇಳ್ತಾಳೆ, ವಿಷಯ ಪೊಲೀಸರಿಗೆ ಹೋಗುತ್ತೆ. ಹುಡುಕಲಿ ಅಂತ ಪತ್ರ ಹಾಕಿದ್ದು ನಾನೇ, ಆದ್ರೆ ಪೊಲೀಸಿನ ಜೊತೆ ಹುಡುಕಲಿ ಅಂತ ಅಲ್ಲ' ಅಂದಳು. ನೀವು ಮೆಟ್ಟಿಲು ಹತ್ತಿದ ತಕ್ಷಣ ಹೊರಟಳು."

"ಎಲ್ಲಿಗೆ? ಮನೆ ಎಲ್ಲಿ?"

"ಯಾರಿಗೂ ಹೇಳಿಲ್ಲ. ಮೇಲಿರೋ ಹಂಗಾಮಿಯವರ ಪಟ್ಟಿಯಲ್ಲಿ ಇರಬೇಕು."

ಪಟ್ಟಿ.

ನೀರಿನ ಉಂಗುರದ ಒಂದು ಬದಿ ಆಗಲೇ ಆರತೊಡಗಿತ್ತು. ಅವಳು ಗುಂಡಿಯನ್ನು ಎತ್ತಿಕೊಂಡಳು. ಆಗ ಗಾಜಿನ ಕಿಂಡಿಯಾಚೆ ಏನೋ ಸರಿದಂತಾಯಿತು.

ಪಾದಗಳು. ಹಿಂದಿನ ಗೇಟಿನ ಕಡೆ ಅವಸರವಾಗಿ ಸಾಗುವ ಹತ್ತಾರು ಪಾದಗಳ ನಡುವೆ ಒಂದು ಜೊತೆ ಮಾತ್ರ ನಿಧಾನ. ಗೋಡೆಗೆ ಒತ್ತಿಕೊಂಡು, ಪ್ರತಿ ಹೆಜ್ಜೆಯನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿ ಇಡುತ್ತಿದ್ದವು.

ಮೆಟ್ಟಿಲು ಹತ್ತಿ, ಹಜಾರ ಸುತ್ತಿ ಆ ದಾರಿಗೆ ಬರಲು ಐದು ನಿಮಿಷ ಬೇಕು. ಗೇಟಿಗೆ ಇಪ್ಪತ್ತು ಹೆಜ್ಜೆ.

ಅವಳು ಅಕ್ಕನ ಕುರ್ಚಿಯ ಮೇಲೆ ಹತ್ತಿದಳು, ಕುರ್ಚಿಯಿಂದ ಮೇಜಿನ ಮೇಲೆ. ಕೂಗಿದರೆ ಆ ದಪ್ಪ ಗಾಜು ದಾಟುವುದಿಲ್ಲ. ಕೈಯಲ್ಲಿದ್ದ ಗುಂಡಿಯಿಂದ ಗಾಜನ್ನು ಬಡಿದಳು. ಟಕ್. ಟಕ್. ಟಕ್. ಮೂರೇ ಸಲ. ನಾಲ್ಕನೆಯ ಸಲ ಬಡಿಯಲಿಲ್ಲ.

ಪಾದಗಳು ನಿಂತವು.

ನಿಂತವು, ಆದರೆ ತಿರುಗಲಿಲ್ಲ.